ಕೆಟ್ಟ ಫಲಕವೊಂದರ ಪರೀಕ್ಷೆ: ತರ್ಕಶಾಸ್ತ್ರದ ಬೆಳಕಿನಲ್ಲಿ ಒಂದು ಪಾಠ

ಕನ್ನಡ ಪಂಡಿತನಾದವನು ವಿದ್ಯುದ್ಯಂತ್ರಗಳ ವಿಷಯವಾಗಿ ಲೇಖನ ಬರೆಯಹೊರಡುವುದು ಅನಧಿಕಾರಚರ್ಚೆಯೆಂದು ವಾಚಕ ಮಹಾಶಯರಲ್ಲಿ ಕೆಲವರಿಗೆ ತೋರಬಹುದು. ಆದರೆ ಹಿಂದಿನ ಬೇಸಗೆಯಲ್ಲಿ ನಮ್ಮ ವಿದ್ಯಾರ್ಥಿನಿಲಯದ ಕೊಳವೆಬಾವಿ ಐದು ದಿನ ನಿಂತುಹೋದಾಗ ನಡೆದ ಸಂಗತಿಯು, ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದ ವಿಷಯವೊಂದನ್ನು ನನಗೇ ಮತ್ತೊಮ್ಮೆ ಕಲಿಸಿತು. ಅದರಲ್ಲಿ ನನ್ನ ತಪ್ಪೂ ಒಂದಿದೆ. ತಪ್ಪನ್ನು ಮುಚ್ಚಿಟ್ಟುಕೊಂಡು ಪಾಠವನ್ನು ಮಾತ್ರ ಹೇಳುವುದು ಉಪಾಧ್ಯಾಯನಿಗೆ ಶೋಭಿಸುವ ಮಾತಲ್ಲವಾದ್ದರಿಂದ ಎರಡನ್ನೂ ಇಲ್ಲಿ ನಿವೇದಿಸಿದ್ದೇನೆ.

ನೀರಿನ ಸ್ಥಿತಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲವೆಂಬುದು ಸರ್ವವಿದಿತ. ಪಾಲಾರು ನಮ್ಮ ಜಿಲ್ಲೆಯಲ್ಲಿ ಹರಿದುಹೋಗುವುದಾದರೂ ಮಳೆಗಾಲದ ಹೊರತು ಅದರ ಪಾತ್ರದಲ್ಲಿ ಕಾಣುವುದು ಮರಳೇ. ನಮ್ಮ ಪೂರ್ವಿಕರು ಕೆರೆಗಳನ್ನು ಕಟ್ಟಿ ಬಾಳಿದರು. ನಾವು ನೆಲವನ್ನು ಕೊರೆದು ಬಾಳುತ್ತಿದ್ದೇವೆ. ತೆರೆದ ಬಾವಿಗಳು ಬತ್ತಿದವು, ಬಳಿಕ ಇನ್ನೂರು ಮುನ್ನೂರು ಅಡಿಯ ಕೊಳವೆಬಾವಿಗಳು ಬತ್ತಿದವು. ನಮ್ಮ ವಿದ್ಯಾರ್ಥಿನಿಲಯದ ಈಗಿನ ಬಾವಿ ಸಾವಿರದ ಇನ್ನೂರು ಅಡಿ ಆಳದ್ದು. ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ 2018ರಿಂದ ನಮ್ಮ ಕೆರೆಗಳಿಗೆ ಬರತೊಡಗಿದೆಯಾದರೂ, ಕುಡಿಯುವ ನೀರಿಗೆ ನಮ್ಮ ಮಕ್ಕಳು ನಂಬಿರುವುದು ಈ ಬಾವಿಯನ್ನೇ.

ವಿದ್ಯುತ್ತಾದರೋ ನಮ್ಮ ಸೀಮೆಗೆ ಹೊಸದಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು ಅದಾದ ಮೇಲೆ, 1905ರಲ್ಲಿ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಅಂದು ಚಿನ್ನವನ್ನು ಎತ್ತಲು ಬಂದ ಶಕ್ತಿಯನ್ನು ಇಂದು ನಾವು ನೀರನ್ನೆತ್ತಲು ಬಳಸುತ್ತಿದ್ದೇವೆ. ಎರಡರಲ್ಲಿ ಯಾವುದು ಹೆಚ್ಚು ಬೆಲೆಯುಳ್ಳದ್ದೆಂಬುದನ್ನು ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆಯವರನ್ನು ಕೇಳಬೇಕು.

ನಡೆದ ಸಂಗತಿ

ಆ ದಿನ ಬೆಳಗಿನ ಜಾವ ಮೋಟಾರಿನ ಪೆಟ್ಟಿಗೆಯ ಹಸಿರು ಗುಂಡಿಯನ್ನು ಒತ್ತಿದರೆ ಒಳಗೆ ಕಟಕಟನೆ ಸದ್ದಾಗಿ ಎಲ್ಲವೂ ನಿಂತುಹೋಗುತ್ತಿತ್ತು. ಮತ್ತೆ ಒತ್ತಿದರೆ ಅದೇ ಸದ್ದು. ಪಟ್ಟಣದಿಂದ ಬಂದ ದುರಸ್ತಿಯವರು ಎರಡು ಬಾರಿ ಗುಂಡಿಯನ್ನೊತ್ತಿ ನೋಡಿ, “ಮೋಟಾರು ಸುಟ್ಟಿದೆ, ಮೇಲಕ್ಕೆತ್ತಬೇಕು” ಎಂದು ನಿರ್ಣಯವನ್ನು ಕೊಟ್ಟರು. ಸಾವಿರ ಅಡಿಗೂ ಮಿಗಿಲಾದ ಕೊಳವೆಗಳನ್ನು ಒಂದೊಂದಾಗಿ ಕಳಚುತ್ತ ಮೋಟಾರನ್ನೆತ್ತುವುದೆಂದರೆ ಯಂತ್ರದ ಬಾಡಿಗೆ, ಆಳುಗಳ ಕೂಲಿ, ಹೊಸ ಮೋಟಾರಿನ ಬೆಲೆ ಎಲ್ಲವೂ ಸೇರಿ ಲಕ್ಷಗಳ ಮಾತು. ಅದೂ ಅಲ್ಲದೆ, ಎತ್ತುವಾಗ ಕೊಳವೆ ಕಳಚಿ ಬಿದ್ದರೆ ಬಾವಿಯೇ ಹೋಯಿತು. ಅಂಥ ಬಾವಿಗಳನ್ನು ನಮ್ಮ ಊರುಗಳಲ್ಲಿ ನಾವೆಲ್ಲ ಕಂಡಿದ್ದೇವೆ.

ನನ್ನ ತಪ್ಪು ಇಲ್ಲಿಯದು. ದಾನಿಗಳಿಗೆ ಮನವಿಪತ್ರವನ್ನು ಬರೆದುಕೊಡುವ ಹೊಣೆ ರೂಢಿಯಂತೆ ನನಗೆ ಬಂದಿತು. ಅಂದು ಸಂಜೆಯೇ ಕುಳಿತು, “ಮೋಟಾರು ಸುಟ್ಟುಹೋಗಿರುವುದರಿಂದ ಮಕ್ಕಳು ನೀರಿಲ್ಲದೆ ಪರಿತಪಿಸುತ್ತಿದ್ದಾರೆ” ಎಂದು ಎರಡು ಪುಟದ ಪತ್ರವನ್ನು ಬರೆದೆ. ಪತ್ರ ಚೆನ್ನಾಗಿಯೇ ಇತ್ತು. ಅದರ ಮೊದಲನೆಯ ವಾಕ್ಯ ಮಾತ್ರ ಸುಳ್ಳಾಗಿತ್ತು.

ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೇರೊಂದು ಕೆಲಸಕ್ಕಾಗಿ ಶಾಲೆಗೆ ಬಂದಿದ್ದನು. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಕೆಲಸವನ್ನು ಕಲಿತು ಈಗ ಮುಳಬಾಗಿಲಿನಲ್ಲಿ ದುರಸ್ತಿಯ ಅಂಗಡಿಯನ್ನಿಟ್ಟಿರುವವನು. ಹೆಸರನ್ನು ಹೇಳಬಾರದೆಂದು ಅವನ ಕೋರಿಕೆ. ನಾನು ಪತ್ರವನ್ನು ಓದಿಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಗುರುಗಳೇ, ಮೋಟಾರು ಸುಟ್ಟಿದೆ ಅಂತ ಯಾರು ನೋಡಿದರು?”

ನಾನು ನಿರುತ್ತರನಾದೆ.

ಹೇತುವಿನ ದೋಷ

ಬಾಲ್ಯದಲ್ಲಿ ನಾನು ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಹೇಳಿಸಿಕೊಂಡವನು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಹೇತ್ವಾಭಾಸಗಳು ಐದು, ಅವುಗಳಲ್ಲಿ ಮೊದಲನೆಯದು ಸವ್ಯಭಿಚಾರ. ಸಾಧ್ಯವಿರುವಲ್ಲಿಯೂ ಅದಿಲ್ಲದಲ್ಲಿಯೂ ಕಂಡುಬರುವ ಹೇತುವು ಏನನ್ನೂ ಸಾಧಿಸಲಾರದು. “ಮೋಟಾರು ಸುಟ್ಟಿದೆ, ಏಕೆಂದರೆ ಓಡುತ್ತಿಲ್ಲ” ಎಂಬ ಅನುಮಾನವನ್ನು ಪರೀಕ್ಷಿಸೋಣ. ಸುಟ್ಟ ಮೋಟಾರು ಓಡದು, ನಿಜ. ಆದರೆ ವಿದ್ಯುತ್ತು ಬಾರದಿದ್ದರೆ ಒಳ್ಳೆಯ ಮೋಟಾರೂ ಓಡದು. ತಂತಿ ತುಂಡಾಗಿದ್ದರೂ ಓಡದು. ಕಾವಲಿನ ಫಲಕ ಅಪ್ಪಣೆ ಕೊಡದಿದ್ದರೂ ಓಡದು. ಆದುದರಿಂದ ‘ಓಡದಿರುವುದು’ ಎಂಬ ಹೇತುವು ಸವ್ಯಭಿಚಾರ. ಇದನ್ನು ಮಕ್ಕಳಿಗೆ ಹೊಗೆ ಮತ್ತು ಬೆಂಕಿಯ ದೃಷ್ಟಾಂತದಿಂದ ಎಷ್ಟೋ ವರ್ಷ ಹೇಳಿದ ನಾನೇ, ಹೊಗೆಯನ್ನೂ ಕಾಣದೆ ಬೆಂಕಿಯ ವಿಷಯವಾಗಿ ಪತ್ರ ಬರೆದಿದ್ದೆ.

ಪರೀಕ್ಷೆಯ ಮೊದಲ ಹಂತ: ಮೇಲಿನಿಂದಲೇ ಮೋಟಾರಿನ ಸ್ಥಿತಿ

ಮೊದಲನೆಯದಾಗಿ ಆ ವಿದ್ಯಾರ್ಥಿಯು ಮೇನ್ ಸ್ವಿಚ್ಚನ್ನು ತೆಗೆದು ಮೂರು ಫ್ಯೂಸುಗಳನ್ನೂ ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡನು. “ಯಾರಾದರೂ ಬಂದು ಹಾಕಿಬಿಟ್ಟರೆ?” ಎಂಬುದು ಅವನ ಸಮಾಧಾನ. ಫೇಸು-ಫೇಸುಗಳ ನಡುವೆ ಇರುವುದು 415 ವೋಲ್ಟ್. ಅದು ಒಮ್ಮೆ ಮುಟ್ಟಿದವನಿಗೆ ಎರಡನೆಯ ಪಾಠದ ಅವಕಾಶವನ್ನು ಕೊಡುವುದಿಲ್ಲ. ಬಳಿಕವೂ ಮೀಟರನ್ನಿಟ್ಟು ವಿದ್ಯುತ್ತಿಲ್ಲವೆಂಬುದನ್ನು ನಿಶ್ಚಯಿಸಿಕೊಂಡೇ ಅವನು ಕೈಯಿಟ್ಟನು. ಉಪಾಧ್ಯಾಯರು ಈ ಕ್ರಮವನ್ನು ಮಕ್ಕಳಿಗೆ ಮೊದಲು ಕಲಿಸಬೇಕು, ಉಳಿದುದೆಲ್ಲ ಆಮೇಲೆ.

ಬಾವಿಯೊಳಗಿನಿಂದ ಮೇಲೆ ಬಂದಿರುವ ಮೂರು ತಂತಿಗಳನ್ನು ಬಿಚ್ಚಿ, ಎರಡೆರಡನ್ನು ಜೊತೆಮಾಡಿ ರೋಧವನ್ನು ಅಳೆದಾಗ ಮೂರು ಜೊತೆಗಳಲ್ಲೂ ಒಂದೇ ಸಂಖ್ಯೆ ಬಂದಿತು. ಸುರುಳಿ ಸುಟ್ಟಿದ್ದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದಾದರೂ ಭಿನ್ನವಾಗಿರಬೇಕು. ಅನಂತರ ಕೋಲಾರದಿಂದ ಎರವಲು ತಂದ ಮೆಗ್ಗರನ್ನು ತಂತಿಗೂ ಭೂಮಿಗೂ ನಡುವೆ ಇಟ್ಟು ಅವಾಹಕದ ಹೊದಿಕೆಯನ್ನು ಪರೀಕ್ಷಿಸಿದನು. ಸೋರಿಕೆ ಇರಲಿಲ್ಲ. ಇನ್ನೊಂದು ಕುರುಹು ಎಲ್ಲರ ಕಣ್ಣೆದುರಿಗೇ ಇತ್ತು: ಮೋಟಾರು ಮಿತಿಮೀರಿ ವಿದ್ಯುತ್ತನ್ನು ಎಳೆದಿದ್ದರೆ ಓವರ್‌ಲೋಡ್ ಸಾಧನದ ಕೆಂಪುಗುಂಡಿ ಹೊರಕ್ಕೆ ನೆಗೆದಿರಬೇಕಾಗಿತ್ತು. ಅದು ತನ್ನ ಸ್ಥಾನದಲ್ಲಿಯೇ ಇತ್ತು.

ಹೀಗೆ ಒಂದು ಗಂಟೆಯೊಳಗೆ, ಒಂದು ಕೊಳವೆಯನ್ನೂ ಕಳಚದೆ, ಮೋಟಾರು ನಿರ್ದೋಷಿಯೆಂಬುದು ತಿಳಿಯಿತು. ಒಂಬತ್ತನೆಯ ತರಗತಿಯ ಹುಡುಗರು ಸುತ್ತ ನಿಂತು ನೋಡುತ್ತಿದ್ದರು.

ಫಲಕವೆಂದರೇನು

ಇನ್ನು ಉಳಿದದ್ದು ಪೆಟ್ಟಿಗೆಯೊಳಗಿನ ಮಂಡಲಫಲಕ. ಜನ ಇದನ್ನು ಬೋರ್ಡು ಎನ್ನುತ್ತಾರೆ. ಇದರ ಕೆಲಸವನ್ನು ಸಂಕ್ಷೇಪವಾಗಿ ವಿವರಿಸುತ್ತೇನೆ. ಮೂರು ಫೇಸುಗಳಲ್ಲಿ ಒಂದು ತಪ್ಪಿಹೋದಾಗ ಓಡುತ್ತಿರುವ ಮೋಟಾರು ನಿಲ್ಲುವುದಿಲ್ಲ. ಉಳಿದ ಎರಡರಿಂದಲೇ ಹೊರೆಯನ್ನೆಳೆಯಲು ಹೆಣಗಿ, ಅವುಗಳಲ್ಲಿ ಪ್ರವಾಹ ಹೆಚ್ಚಿ, ಸುರುಳಿ ಕಾದು ಸುಡುತ್ತದೆ. ಬಾವಿಯಲ್ಲಿ ನೀರು ಇಳಿದುಹೋದಾಗಲೂ ಅಪಾಯವೇ: ಎತ್ತಲು ನೀರಿಲ್ಲದ್ದರಿಂದ ಹೊರೆ ತಗ್ಗಿ ಪ್ರವಾಹ ಕಡಿಮೆಯಾಗುತ್ತದೆ, ಆದರೆ ತಂಪು ಮಾಡುವ ನೀರೂ ಇಲ್ಲದ್ದರಿಂದ ಪಂಪು ಬಿಸಿಯಾಗಿ ಕೆಡುತ್ತದೆ. ಪ್ರವಾಹದ ಈ ಏರಿಳಿತವನ್ನೂ ಫೇಸುಗಳ ಇರವನ್ನೂ ಎಡೆಬಿಡದೆ ನೋಡುತ್ತ, ಎಲ್ಲವೂ ಸರಿಯಿದ್ದರೆ ಮಾತ್ರ ರಿಲೇ ಎಂಬ ಚಿಕ್ಕ ಕೊಂಡಿಯನ್ನು ಕೂಡಿಸುವುದು ಫಲಕದ ಕರ್ತವ್ಯ. ಆ ಕೊಂಡಿ ಕೂಡಿದರೆ ಕಂಟ್ಯಾಕ್ಟರ್ ಹಿಡಿಯುತ್ತದೆ, ಮೋಟಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಫಲಕವು ಬಾಗಿಲ ಕಾವಲಿನವನಿದ್ದಂತೆ.

ಆ ಹೊತ್ತಿಗೆ ಅಲ್ಲಿದ್ದವರೊಬ್ಬರು, “ಬೋರ್ಡನ್ನು ಬಿಟ್ಟು ಎರಡು ತಂತಿಗಳನ್ನು ನೇರವಾಗಿ ಕೂಡಿಸಿದರೆ ಈಗಲೇ ನೀರು ಬರುತ್ತದಲ್ಲ?” ಎಂದರು. ಬರುತ್ತಿತ್ತು. ನಮ್ಮ ಸೀಮೆಯ ಎಷ್ಟೋ ತೋಟಗಳಲ್ಲಿ ಹಾಗೆಯೇ ಮಾಡಿರುವುದುಂಟು. ಎಷ್ಟೋ ಮೋಟಾರುಗಳು ನಿಜವಾಗಿ ಸುಡುವುದೂ ಆ ಕಾರಣದಿಂದಲೇ. ಅಡುಗೆಮನೆಯಲ್ಲಿ ತುಂಬಿದ ಹಂಡೆಗಳು ಎರಡೇ ಉಳಿದಿದ್ದವು. ಆದರೂ ಆ ವಿದ್ಯಾರ್ಥಿಯು ಒಪ್ಪಲಿಲ್ಲ. “ಇವತ್ತು ಟ್ಯಾಂಕರು ತರಿಸಿ ಗುರುಗಳೇ. ಕಾವಲಿನವನಿಗೆ ಕಾಯಿಲೆ ಅಂತ ಬಾಗಿಲು ತೆರೆದಿಟ್ಟು ಮಲಗೋದಾ?” ಎಂದನು. ಟ್ಯಾಂಕರು ತರಿಸಿದೆವು.

ಎರಡನೆಯ ಹಂತ: ಪ್ರತ್ಯಕ್ಷ

ಫಲಕವನ್ನು ಕಳಚುವ ಮುನ್ನ ಅದಕ್ಕೆ ಸೇರಿದ್ದ ಹನ್ನೊಂದು ತಂತಿಗಳಿಗೂ ಗುರುತು ಬೇಕಾಗಿತ್ತು. ಈ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತು. ಕಾಗದದ ಚೂರುಗಳ ಮೇಲೆ ಕ, ಖ, ಗ, ಘ ಎಂದು ಬರೆದು ಪ್ರತಿಯೊಂದು ತಂತಿಗೂ ಕಟ್ಟಿ, ನಕ್ಷೆಯಲ್ಲಿಯೂ ಅದನ್ನೇ ಗುರುತಿಸಿದೆ. ತಂತಿಗಳನ್ನು ಮರಳಿ ಸೇರಿಸುವಾಗ ಮೋಟಾರಿನ ಎರಡು ಫೇಸುಗಳು ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆಯೆಂದು ಅಂದು ತಿಳಿದೆ. ವರ್ಣಮಾಲೆಯ ಅನುಕ್ರಮಕ್ಕೆ ಇಂಥ ಉಪಯೋಗವೂ ಉಂಟೆಂದು ನಾನು ಎಣಿಸಿರಲಿಲ್ಲ.

ಫಲಕವನ್ನು ಮೇಜಿನ ಮೇಲಿಟ್ಟು ಮೊದಲು ಕಣ್ಣಿನಿಂದಲೇ ನೋಡಬೇಕೆಂಬುದು ಅವನ ನಿಯಮ. ಸುಟ್ಟ ಕಪ್ಪು ಕಲೆ, ಬಿರುಕು, ಹಸಿರು ಕಿಲುಬು, ಹುಳುಗಳ ಗೂಡು ಇವನ್ನು ಹುಡುಕಬೇಕು. ಪೆಟ್ಟಿಗೆಯಲ್ಲಿ ಒಂದು ಒಣಗಿದ ಹಲ್ಲಿಯೂ ಇರುವೆಗಳ ಸಾಲೂ ಸಿಕ್ಕವು. ಅವೇ ಕಾರಣವೆಂದು ನಾವೆಲ್ಲ ಉತ್ಸಾಹಗೊಂಡೆವು. ಕುಂಚದಿಂದ ಶುಚಿಮಾಡಿದ ಮೇಲೂ ದೋಷ ಹೋಗಲಿಲ್ಲ. ಆಗ ಹುಡುಗರಲ್ಲೊಬ್ಬನು, “ಅಣ್ಣಾ, ಈ ಡಬ್ಬಿಯ ತಲೆ ಮಾತ್ರ ಉಬ್ಬಿದೆ” ಎಂದು ತೋರಿಸಿದನು. ನೀಲಿ ಹೊದಿಕೆಯ ಕಿರುಬೆರಳಿನಷ್ಟು ದಪ್ಪದ ಕೆಪ್ಯಾಸಿಟರ್ ಅದು. ಅದರ ಪಕ್ಕದವುಗಳ ತಲೆ ಚಪ್ಪಟೆಯಾಗಿದ್ದಿತು. ಇದರದು ತುಸು ಉಬ್ಬಿತ್ತು.

ಆ ಹುಡುಗನ ಮಾತಿನಿಂದಲೇ ಕೆಪ್ಯಾಸಿಟರನ್ನು ಕಿತ್ತುಹಾಕಬಹುದಾಗಿತ್ತು. ನಮ್ಮ ವಿದ್ಯಾರ್ಥಿಯು ಹಾಗೆ ಮಾಡಲಿಲ್ಲ. “ಉಬ್ಬಿರೋದು ಸಂಶಯಕ್ಕೆ ಸಾಕು, ತೀರ್ಪಿಗೆ ಸಾಲದು” ಎಂದನು.

ಮೂರನೆಯ ಹಂತ: ಅನುಮಾನ

ಫಲಕಕ್ಕೆ ಬೇಕಾದ ವಿದ್ಯುತ್ತು ಹೀಗೆ ಸಿದ್ಧವಾಗುತ್ತದೆ. ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹೆಚ್ಚು ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 15 ವೋಲ್ಟಿಗೆ ಇಳಿಸುತ್ತದೆ. ನಾಲ್ಕು ಡಯೋಡುಗಳು ಅದನ್ನು ಏಕಮುಖವಾಗಿಸುತ್ತವೆ. ಆದರೆ ಆ ಪ್ರವಾಹವು ಸೆಕೆಂಡಿಗೆ ನೂರು ಬಾರಿ ಏರುತ್ತ ಇಳಿಯುತ್ತ ಇರುತ್ತದೆ. ಏರಿದಾಗ ತುಂಬಿಕೊಂಡು ಇಳಿದಾಗ ಸುರಿದು ಆ ತಗ್ಗುಗಳನ್ನು ತುಂಬಿಸುವುದು ಕೆಪ್ಯಾಸಿಟರಿನ ಕೆಲಸ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಗದ್ದೆಗೆ ಬಿಡುವ ಕೆರೆಯಂತೆ. ಅದರ ಮುಂದೆ 7812 ಎಂಬ ಮೂರು ಕಾಲಿನ ನಿಯಂತ್ರಕವಿದ್ದು, ತಪ್ಪದೆ 12 ವೋಲ್ಟನ್ನು ಕೊಡುತ್ತದೆ. ಆದರೆ ತನಗೆ ಬರುವ ವಿದ್ಯುತ್ತು 12ಕ್ಕಿಂತ ಸುಮಾರು 2 ವೋಲ್ಟಾದರೂ ಹೆಚ್ಚಾಗಿದ್ದರೆ ಮಾತ್ರ.

ಈಗ ಗಣಿತ. 15 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರವು ಅದರ 1.414ರಷ್ಟು, ಅಂದರೆ 21.2 ವೋಲ್ಟ್. ಡಯೋಡುಗಳಲ್ಲಿ ಕಳೆಯುವುದು ಸುಮಾರು 1.4. ಕೆಪ್ಯಾಸಿಟರ್ ಸರಿಯಾಗಿದ್ದರೆ ಅದರ ಎರಡು ಕಾಲುಗಳ ನಡುವೆ 20 ವೋಲ್ಟಿಗೆ ಹತ್ತಿರದ ಸಂಖ್ಯೆ ಕಾಣಬೇಕು. ಕೆಪ್ಯಾಸಿಟರ್ ಸತ್ತಿದ್ದರೆ ತಗ್ಗುಗಳು ತುಂಬದೆ, ಮೀಟರು ಅವುಗಳ ಸರಾಸರಿಯನ್ನು, ಅಂದರೆ ಸುಮಾರು 12ನ್ನು ತೋರಿಸಬೇಕು. ನಿಯಂತ್ರಕದ ಆಚೆ 12ರ ಬದಲು ಎಂಟೂವರೆಯಷ್ಟು ಕಾಣಬೇಕು. ಇದನ್ನು ಅವನು ಅಳೆಯುವುದಕ್ಕೆ ಮೊದಲೇ ಕಪ್ಪುಹಲಗೆಯ ಮೇಲೆ ಬರೆದನು. ಫಲಕದ ಮೋಟಾರಿನ ಭಾಗಕ್ಕೆ ವಿದ್ಯುತ್ತನ್ನು ಕೊಡದೆ, ಬೇರೊಂದು ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ 15 ವೋಲ್ಟನ್ನು ಮಾತ್ರ ಕೊಟ್ಟು ಅಳೆದಾಗ ಮೊದಲನೆಯ ಸಂಖ್ಯೆ 12.4, ಎರಡನೆಯದು 8.7. ಹುಡುಗರು ಚಪ್ಪಾಳೆ ತಟ್ಟಿದರು. ಕಟಕಟ ಸದ್ದಿನ ಅರ್ಥವೂ ಆಗ ತಿಳಿಯಿತು: ತಗ್ಗು ತುಂಬದ ವಿದ್ಯುತ್ತಿನಿಂದ ರಿಲೇಯು ಹಿಡಿದೂ ಹಿಡಿಯದೆ ನಡುಗುತ್ತಿತ್ತು.

ನಾಲ್ಕನೆಯ ಹಂತ: ಉಪಮಾನವೂ ಅನ್ವಯ-ವ್ಯತಿರೇಕವೂ

ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಟವೊಂದರಲ್ಲಿ ಇದೇ ಮಾದರಿಯ ಫಲಕ ಚೆನ್ನಾಗಿ ಕೆಲಸ ಮಾಡುತ್ತಿತ್ತು. ತೋಟದವರೂ ನಮ್ಮ ಹಳೆಯ ವಿದ್ಯಾರ್ಥಿಗಳೇ. ಸಂಜೆ ಅದನ್ನು ತರಿಸಿ ಅದೇ ಸ್ಥಾನಗಳಲ್ಲಿ ಅಳೆದಾಗ 19.5 ಮತ್ತು 12 ಬಂದವು. ಕಾಣದ ವಸ್ತುವನ್ನು ಕಂಡ ವಸ್ತುವಿನ ಸಾದೃಶ್ಯದಿಂದ ತಿಳಿಯುವುದು ಉಪಮಾನ. ಗ್ರಂಥದಲ್ಲಿ ಹಸುವಿನಂತಿರುವ ಕಾಡುಪ್ರಾಣಿಯ ದೃಷ್ಟಾಂತವಿದೆ. ನಮಗೆ ಮಾವಿನ ತೋಟದ ಫಲಕ ಸಾಕಾಯಿತು.

ಕೊನೆಯದಾಗಿ, ವಿದ್ಯುತ್ತನ್ನು ನಿಲ್ಲಿಸಿ, ಒಳ್ಳೆಯದೆಂದು ಗೊತ್ತಿರುವ ಕೆಪ್ಯಾಸಿಟರೊಂದನ್ನು ಕೆಟ್ಟದ್ದರ ಮಗ್ಗುಲಿಗೆ ತಾತ್ಕಾಲಿಕವಾಗಿ ಸೇರಿಸಿ ಮತ್ತೆ ವಿದ್ಯುತ್ತು ಕೊಟ್ಟನು. ರಿಲೇ ಟಕ್ಕೆಂದು ಹಿಡಿದು ನಿಶ್ಶಬ್ದವಾಯಿತು. ತೆಗೆದನು, ಮತ್ತೆ ನಡುಕ. ಸೇರಿಸಿದನು, ಮತ್ತೆ ಸ್ಥಿರ. ಅದಿದ್ದರೆ ಇದು, ಅದಿಲ್ಲದಿದ್ದರೆ ಇದಿಲ್ಲ. ಕಾರಣವನ್ನು ನಿಶ್ಚಯಿಸಲು ಇದಕ್ಕಿಂತ ದೃಢವಾದ ಮಾರ್ಗವನ್ನು ಶಾಸ್ತ್ರವೂ ಹೇಳಿಲ್ಲ.

ದುರಸ್ತಿ

ಹಳೆಯದು 1000 ಮೈಕ್ರೊಫ್ಯಾರಡ್, 25 ವೋಲ್ಟ್, 85 ಡಿಗ್ರಿಯದು. ಹೊಸದಕ್ಕೆ ಧಾರಣಶಕ್ತಿ ಅಷ್ಟೇ ಇರಬೇಕು. ವೋಲ್ಟಿನ ಮಿತಿ ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆಯಿರಕೂಡದು. ಅವನು 35 ವೋಲ್ಟಿನ, 105 ಡಿಗ್ರಿ ತಾಳುವ ಕೆಪ್ಯಾಸಿಟರನ್ನು ಆರಿಸಿದನು. ಅದರ ಬೆಲೆ ಒಂದು ಕಾಪಿಯಷ್ಟು. ಈ ಬಗೆಯ ಕೆಪ್ಯಾಸಿಟರಿಗೆ ಧನ-ಋಣ ಭೇದವಿದೆ. ಮೈಮೇಲಿನ ಪಟ್ಟೆ ಋಣದ ಗುರುತು. ತಿರುಗಾಮುರುಗಾ ಜೋಡಿಸಿದರೆ ಸಿಡಿಯುತ್ತದೆ.

ಬೆಸುಗೆಯಲ್ಲಿಯೂ ಒಂದು ಕ್ರಮವಿದೆ. ಕಾದ ಕಡ್ಡಿಯಿಂದ ಸೀಸವನ್ನು ಕರಗಿಸಿ ಮೇಲೆ ತೊಟ್ಟಿಕ್ಕಿಸುವುದು ತಪ್ಪು. ತಾಮ್ರದ ಬಿಲ್ಲೆಯನ್ನೂ ಕಾಲನ್ನೂ ಒಟ್ಟಿಗೆ ಕಾಯಿಸಿ, ಆ ಶಾಖದಿಂದಲೇ ಸೀಸ ಕರಗಿ ಎರಡನ್ನೂ ಅಪ್ಪಿಕೊಳ್ಳುವಂತೆ ಮಾಡಬೇಕು. ಹಾಗೆ ಕೂಡಿದ ಬೆಸುಗೆ ಹೊಳೆಯುತ್ತದೆ.

ಫಲಕವನ್ನು ಮರಳಿ ಜೋಡಿಸಲು ನಾನು ಅವಸರಪಡುತ್ತಿದ್ದೆ. ಅವನು ಭೂತಗನ್ನಡಿಯನ್ನು ಹಿಡಿದು ಬೆನ್ನಿನ ಬದಿಯ ಬೆಸುಗೆಗಳನ್ನೆಲ್ಲ ಒಂದೊಂದಾಗಿ ನೋಡಿದನು. ರಿಲೇಯ ಒಂದು ಕಾಲಿನ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕಿತ್ತು. ತಿಂಗಳುಗಟ್ಟಲೆ ನಡುಗಿದ ರಿಲೇ ತನ್ನ ಬೆಸುಗೆಯನ್ನೇ ಸಡಿಲಿಸಿಕೊಂಡಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ವಾರದೊಳಗೆ ಮತ್ತೆ ಮೋಟಾರು ನಿಂತು, ಮತ್ತೆ ಮೋಟಾರಿನ ಮೇಲೆಯೇ ಅಪವಾದ ಬರುತ್ತಿತ್ತು. ಒಂದು ದೋಷ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದೆಂಬುದು ಇದರ ತಾತ್ಪರ್ಯ. ವಿದ್ಯಾರ್ಥಿಗಳ ನಿಬಂಧಗಳನ್ನು ತಿದ್ದುವವರು ಇದನ್ನು ಚೆನ್ನಾಗಿ ಬಲ್ಲರು.

ಐದನೆಯ ದಿನ ಮಧ್ಯಾಹ್ನ, ಕ-ಖ-ಗಗಳ ಪ್ರಕಾರ ತಂತಿಗಳನ್ನು ಸೇರಿಸಿ, ಮೂರೂ ಫೇಸುಗಳು ಸಮವಾಗಿರುವುದನ್ನು ನೋಡಿ, ಗುಂಡಿಯನ್ನೊತ್ತಲು ಆ ಒಂಬತ್ತನೆಯ ತರಗತಿಯ ಹುಡುಗನಿಗೇ ಹೇಳಿದೆವು. ಕೊಳವೆ ಮೊದಲು ಗಾಳಿಯನ್ನು ಉಗುಳಿ, ಕೆಂಪು ನೀರನ್ನು ಉಗುಳಿ, ಬಳಿಕ ತಿಳಿನೀರನ್ನು ಸುರಿಸಿತು.

ಕಾರಣದ ಕಾರಣ

ಕೆಪ್ಯಾಸಿಟರೇಕೆ ಕೆಟ್ಟಿತು? ಅದರೊಳಗಿನ ದ್ರವ ಶಾಖದಿಂದ ಒಣಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಯೆಂದು ಬಲ್ಲವರ ಲೆಕ್ಕ. ನಮ್ಮ ಪೆಟ್ಟಿಗೆ ತಗಡಿನದು, ಪಶ್ಚಿಮದ ಬಿಸಿಲಿಗೆ ಬಯಲಿನಲ್ಲಿ ನಿಂತಿತ್ತು. ಈಗ ಅದಕ್ಕೆ ಮಾಲೂರಿನ ಹೆಂಚಿನ ಒಂದು ಮಾಡನ್ನು ಕಟ್ಟಿಸಿದ್ದೇವೆ. ತಂತಿ ಹೊಗುವ ರಂಧ್ರಗಳನ್ನು ಹಲ್ಲಿ ಇರುವೆಗಳು ನುಗ್ಗದಂತೆ ಮುಚ್ಚಿದ್ದೇವೆ. ದೋಷವನ್ನು ತೆಗೆದು ದೋಷದ ಮೂಲವನ್ನು ಉಳಿಸುವುದು ಅರ್ಧ ಚಿಕಿತ್ಸೆ.

ಉಪಸಂಹಾರ

ಶಬ್ದಪ್ರಮಾಣದ ವಿಷಯವಾಗಿ ಒಂದು ಮಾತು ಉಳಿದಿದೆ. ಆಪ್ತವಾಕ್ಯವು ಪ್ರಮಾಣವೆಂಬುದು ನಿಜ. ಆಪ್ತನೆಂದರೆ ವಿಷಯವನ್ನು ಇದ್ದಂತೆ ಕಂಡು ಇದ್ದಂತೆ ಹೇಳುವವನು. ದಿಟ್ಟವಾಗಿ ಹೇಳುವವನೆಂದು ಅರ್ಥವಲ್ಲ. ಮೊದಲು ಬಂದವರು ದಿಟ್ಟವಾಗಿ ಹೇಳಿದರು, ನಾನು ನಂಬಿದೆ. ನನ್ನ ವಿದ್ಯಾರ್ಥಿಯು “ಯಾರು ನೋಡಿದರು?” ಎಂದು ಕೇಳಿದನು. ಆ ಪ್ರಶ್ನೆಯನ್ನು ಅವನಿಗೆ ಕಲಿಸಿದವನು ನಾನೇ ಇರಬಹುದೆಂದು ಹೆಮ್ಮೆಪಡಲು ಮನಸ್ಸಾಗುತ್ತದೆ. ಆದರೆ ಅವನು ನನ್ನ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಎರಡು ಬಾರಿ ಅನುತ್ತೀರ್ಣನಾದವನೆಂಬುದನ್ನೂ ಇಲ್ಲಿ ದಾಖಲಿಸಬೇಕಾಗಿದೆ. ಅಂದು ನಾನು ಅವನ ಕೈಬರಹವನ್ನು ಮಾತ್ರ ನೋಡಿ, ಅವನ ಕೈಯನ್ನು ನೋಡದೆ ತೀರ್ಪನ್ನು ಕೊಟ್ಟಿದ್ದೆ. ಅದೂ ಒಂದು ಸವ್ಯಭಿಚಾರವೇ.

ದಾನಿಗಳಿಗೆಂದು ಬರೆದ ಆ ಪತ್ರವನ್ನು ಹರಿದುಹಾಕಿದೆ. ಅದರ ಬದಲಾಗಿ ಈ ಸಂಚಿಕೆಯ ಮೂಲಕ ಚಿಕ್ಕದೊಂದು ಬಿನ್ನಹ. ಲಕ್ಷಗಳು ಬೇಡ. ಎಂಟು ಹತ್ತು ಮಲ್ಟಿಮೀಟರುಗಳು, ಬೆಸುಗೆಯ ಕಡ್ಡಿಗಳು, ಭೂತಗನ್ನಡಿಗಳು, ಒಂದು ಉದ್ದನೆಯ ಮೇಜು, ಮತ್ತು ತಮ್ಮ ಮನೆಗಳಲ್ಲಿ ಕೆಟ್ಟು ಮೂಲೆಗೆ ಬಿದ್ದಿರುವ ಫಲಕಗಳು ಇಷ್ಟನ್ನು ಹಳೆಯ ವಿದ್ಯಾರ್ಥಿಗಳು ಒದಗಿಸಿದರೆ, ಶನಿವಾರ ಮಧ್ಯಾಹ್ನದ ಹೊತ್ತು ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಈ ಪಾಠವನ್ನು ನಡೆಸಲು ಮುಳಬಾಗಿಲಿನ ಆ ವಿದ್ಯಾರ್ಥಿಯು ಒಪ್ಪಿದ್ದಾನೆ. ತಂತಿಗಳಿಗೆ ಅಕ್ಷರಗಳನ್ನು ಕಟ್ಟುವ ಕೆಲಸಕ್ಕೆ ನಾನಿದ್ದೇನೆ.